ಮುಚ್ಚಿದ ಚಕ್ರದೊಳಗಿನ ಕಾಯಕ

ಮಾಡಿ ಮುಗಿಸಿದೊಡನೆ ಕಣ್ಣಿಗೆ ಮರೆಯಾಗುವ ಕೆಲಸಕ್ಕೆ ಅದನ್ನು ಮಾಡಿದವರು ಯಾರ ಮುಂದೆ ಉತ್ತರ ಹೇಳಬೇಕು ಎಂಬ ಪ್ರಶ್ನೆ ಧರ್ಮಚಿಂತನೆಗೆ ಹೊಸದಲ್ಲ. ಆದರೆ ಬಸವಕಲ್ಯಾಣ ಮತ್ತು ಹುಮನಾಬಾದಿನ ಸೀಮೆಯಲ್ಲಿ ಅದನ್ನು ಕೇಳುವುದಕ್ಕೆ ಬೇರೆಯೇ ತೂಕವಿದೆ. ಏಕೆಂದರೆ ಹನ್ನೆರಡನೆಯ ಶತಮಾನದಲ್ಲಿ ಇದೇ ನೆಲದಲ್ಲಿ ಬಸವಣ್ಣ ಮತ್ತು ಅವನ ಸಂಗಾತಿ ಶರಣರು ದುಡಿಮೆಯನ್ನು ಧರ್ಮದ ಅಂಚಿನಿಂದ ನಡುಮನೆಗೆ ತಂದು ಕೂರಿಸಿದರು. ಅವರು ಕಾಯಕವೆಂದು ಕರೆದದ್ದು ಹೊಟ್ಟೆಪಾಡಿನ ಉದ್ಯೋಗವನ್ನಷ್ಟೇ ಅಲ್ಲ. ಮೈ ದಂಡಿಸಿ, ಮೋಸವಿಲ್ಲದೆ ಮಾಡಿ, ಬಂದುದರಲ್ಲಿ ಆ ದಿನಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು, ಉಳಿದುದನ್ನು ದಾಸೋಹವಾಗಿ, ಅಂದರೆ ತನ್ನದೆಂಬ ಹಮ್ಮಿಲ್ಲದೆ ಸಮುದಾಯಕ್ಕೆ ಒಪ್ಪಿಸುವ ದುಡಿಮೆಯನ್ನು. ಈ ವಿಚಾರವನ್ನು ಸಾಮಾನ್ಯವಾಗಿ ನೇಗಿಲು, ಮಗ್ಗ, ದೋಣಿಗಳ ಜೊತೆಗೆ ಇಟ್ಟು ವಿವರಿಸುವುದು ರೂಢಿಯಾಗಿದ್ದರೂ, ಅದರ ನಿಜವಾದ ಬಿಗಿ ಅರಿವಿಗೆ ಬರಬೇಕಾದರೆ, ಕಾಣದಿರುವುದೇ ಸ್ವಭಾವವಾಗಿರುವ ಒಂದು ಕೆಲಸವನ್ನು ಆರಿಸಿಕೊಳ್ಳುವುದು ಮೇಲು. ಹಗುರ ವಿಮಾನದ ಗಾಲಿಯಲ್ಲಿ ಸವೆದ ಗ್ರೀಸ್ ಸೀಲನ್ನು ತೆಗೆದು ಹೊಸದನ್ನು ಕೂರಿಸುವ ಕೆಲಸ ಅಂಥದು.

ಈ ಉದಾಹರಣೆ ಈ ಸೀಮೆಗೆ ಪರಕೀಯವೆನಿಸಬೇಕಾಗಿಲ್ಲ. ಹುಮನಾಬಾದಿನ ಒಂದು ಬದಿಗೆ ಬೀದರ್ ಇದೆ. ಅಲ್ಲಿನ ವಾಯುಪಡೆಯ ನೆಲೆ ದಶಕಗಳಿಂದ ಪೈಲಟ್‌ಗಳ ತರಬೇತಿಯ ಕೇಂದ್ರವಾಗಿದ್ದು, 1996ರಲ್ಲಿ ರೂಪುಗೊಂಡ ಸೂರ್ಯಕಿರಣ ಎಂಬ ವೈಮಾನಿಕ ಕಸರತ್ತಿನ ತಂಡ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಕಿರಣ್ ವಿಮಾನಗಳೊಡನೆ ಅಲ್ಲಿಂದಲೇ ಹಾರಾಟ ಆರಂಭಿಸಿತು. ಇನ್ನೊಂದು ಬದಿಗೆ ಕಲಬುರಗಿ ಇದೆ. 2019ರ ನವೆಂಬರಿನಲ್ಲಿ ತೆರೆದ ಅಲ್ಲಿನ ವಿಮಾನ ನಿಲ್ದಾಣವು, 2021ರಲ್ಲಿ ಪೈಲಟ್ ತರಬೇತಿ ಶಾಲೆಗಳಿಗೆಂದು ಆಯ್ಕೆಯಾದ ದೇಶದ ಐದು ನಿಲ್ದಾಣಗಳಲ್ಲಿ ಒಂದು. ಯುದ್ಧಪಡೆಯ ಜೆಟ್ಟಿಗೂ ಶಾಲೆಯ ಪುಟ್ಟ ವಿಮಾನಕ್ಕೂ ಅಜಗಜಾಂತರವಿದ್ದರೂ ಗಾಲಿ ತಿರುಗುವ ತತ್ತ್ವ ಎರಡಕ್ಕೂ ಒಂದೇ, ಮತ್ತು ಅವು ಇಳಿಯುವ ನೆಲ ಬೀದರಿನ ಕೆಂಪು ಜಂಬುಕಲ್ಲಿನ ದೂಳಿನದೋ ಕಲಬುರಗಿಯ ಎರೆಮಣ್ಣಿನದೋ ಆಗಿರುತ್ತದೆ.

ನಾಲ್ಕು ಆಸನದ ಸೆಸ್ನಾ 172ರಂಥ ವಿಮಾನದ ಗಾಲಿಯನ್ನು ಅಲ್ಯುಮಿನಿಯಂ ಅಥವಾ ಮೆಗ್ನೀಷಿಯಂ ಮಿಶ್ರಲೋಹದ ಎರಡು ಹೋಳುಗಳನ್ನು ಬೋಲ್ಟುಗಳಿಂದ ಬಿಗಿದು ಮಾಡಿರುತ್ತಾರೆ. ಪ್ರತಿ ಹೋಳಿನ ನಡುಭಾಗದಲ್ಲಿ ಒಂದೊಂದು ಟೇಪರ್ ರೋಲರ್ ಬೇರಿಂಗ್ ಇರುತ್ತದೆ. ಅಂದರೆ ಒಂದು ತುದಿ ತುಸು ದಪ್ಪ, ಇನ್ನೊಂದು ತುದಿ ತುಸು ಸಣ್ಣ ಆಗಿರುವ ಉಕ್ಕಿನ ಉರುಳೆಗಳನ್ನು ಬಳೆಯಾಕಾರದಲ್ಲಿ ಜೋಡಿಸಿದ, ನೇರ ಭಾರವನ್ನೂ ಪಕ್ಕದ ಒತ್ತಡವನ್ನೂ ಒಟ್ಟಿಗೆ ಹೊರಬಲ್ಲ ಜೋಡಣೆ. ವಿಮಾನ ನೆಲ ಮುಟ್ಟುವ ಕ್ಷಣದವರೆಗೂ ನಿಶ್ಚಲವಾಗಿದ್ದ ಗಾಲಿ, ಮುಟ್ಟಿದ ಕೂಡಲೇ ನಿಮಿಷಕ್ಕೆ ಸಾವಿರ ಸುತ್ತಿನ ಆಸುಪಾಸಿನ ವೇಗಕ್ಕೆ ಏರಬೇಕಾಗುತ್ತದೆ. ಅದೇ ಗಳಿಗೆಯಲ್ಲಿ ಸುಮಾರು ಒಂದು ಟನ್ ತೂಕದ ವಿಮಾನದ ಭಾರ ಗಾಲಿಗಳ ಮೇಲೆ ಕೂರತೊಡಗುತ್ತದೆ. ಕಲಿಯುವವರು ಹಾರಿಸುವ ವಿಮಾನವಾದರೆ ಒಂದೇ ತಾಸಿನಲ್ಲಿ ಇದು ಹಲವು ಸಲ, ಅದೂ ಸದಾ ಮೃದುವಾಗಿಯಲ್ಲ, ನಡೆಯುತ್ತದೆ. ಉರುಳೆಗಳು ಒಂದನ್ನೊಂದು ತಿನ್ನದಂತೆ ಕಾಯುವುದು ಗ್ರೀಸ್. ಆ ಗ್ರೀಸನ್ನು ಒಳಗೆ ಹಿಡಿದು, ದೂಳು ನೀರುಗಳನ್ನು ಹೊರಗೆ ತಡೆಯುವುದು ಗ್ರೀಸ್ ಸೀಲ್.

ಹಳೆಯ ಬಗೆಯ ಸೀಲ್ ಎಂದರೆ ಉಣ್ಣೆಯನ್ನು ಒತ್ತಿ ಮಾಡಿದ ಫೆಲ್ಟಿನ ಒಂದು ಬಳೆ. ಅದರ ಎರಡು ಬದಿಗೂ ತೆಳ್ಳನೆಯ ಲೋಹದ ಬಿಲ್ಲೆಗಳಿದ್ದು, ಎಲ್ಲವನ್ನೂ ಜಾಗದಲ್ಲಿ ಹಿಡಿದಿಡಲು ಸರ್ಕ್ಲಿಪ್ ಎಂಬ ಚಿಮ್ಮುವ ಉಂಗುರವಿರುತ್ತದೆ. ಹೊಸ ಬಗೆಯದು ಅಚ್ಚಿನಲ್ಲಿ ಎರೆದ ರಬ್ಬರಿನದು. ಅದರ ಅಂಚು ತುಟಿಯಂತೆ ಚಾಚಿಕೊಂಡು ಎದುರಿನ ಮೈಗೆ ಮೆತ್ತಗೆ ತಾಗಿರುತ್ತದೆ. ಫೆಲ್ಟ್ ಬಳೆಯನ್ನು ಕೂರಿಸುವ ಮುನ್ನ ತೆಳು ಎಣ್ಣೆಯಲ್ಲಿ ನೆನೆಸಬೇಕು, ಒಣಗಿದ್ದಾಗ ಕೂರಿಸಿದರೆ ಅದು ಬೇಗ ಸುಟ್ಟು ಗಟ್ಟಿಯಾಗುತ್ತದೆ. ರಬ್ಬರಿನದನ್ನು ಬೆರಳುಗಳಿಂದ ಸುತ್ತಲೂ ಸಮನಾಗಿ ಒತ್ತಬೇಕು, ಸ್ಕ್ರೂಡ್ರೈವರಿನ ತುದಿಯಿಂದ ನೂಕಿದರೆ ತುಟಿಯ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದು ಅದೇ ಮುಂದೆ ದೂಳಿನ ದಾರಿಯಾಗುತ್ತದೆ. ಇದಕ್ಕೆಲ್ಲ ಮೊದಲು ಮಾಡಲೇಬೇಕಾದ ಒಂದು ಕೆಲಸವಿದೆ: ಗಾಲಿಯ ಹೋಳುಗಳನ್ನು ಬಿಚ್ಚುವ ಮುನ್ನ ಟೈರಿನ ಗಾಳಿಯನ್ನು ಪೂರ್ತಿ ಬಿಡುವುದು, ಏಕೆಂದರೆ ಒತ್ತಡವಿರುವಾಗಲೇ ಬೋಲ್ಟು ಸಡಿಲಿಸಿದರೆ ಹೋಳುಗಳು ಸಿಡಿದು ಎದುರಿಗಿದ್ದವರ ಪ್ರಾಣಕ್ಕೇ ಬರಬಹುದು. ಬಳಿಕ ಹಳೆಯ ಗ್ರೀಸನ್ನು ದ್ರಾವಕದಿಂದ ಪೂರ್ತಿ ತೊಳೆದು, ಉರುಳೆಗಳ ಮೇಲೆ ತುಕ್ಕಿನ ಚುಕ್ಕಿಯಾಗಲಿ ಶಾಖದಿಂದ ಬಂದ ನೀಲಿ ಛಾಯೆಯಾಗಲಿ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಅಂಗೈಯಲ್ಲಿ ಹೊಸ ಗ್ರೀಸ್ ಇಟ್ಟುಕೊಂಡು ಬೇರಿಂಗಿನ ಅಗಲ ತುದಿಯನ್ನು ಅದಕ್ಕೆ ಒತ್ತುತ್ತ, ಗ್ರೀಸು ಉರುಳೆಗಳ ಸಂದಿನಿಂದ ಮೇಲಕ್ಕೆ ಉಕ್ಕಿ ಬರುವವರೆಗೆ ತುಂಬಬೇಕು. ತಯಾರಕರು ಹೇಳಿದ ಜಾತಿಯ ಗ್ರೀಸನ್ನಲ್ಲದೆ ಕೈಗೆ ಸಿಕ್ಕಿದ್ದನ್ನು ಬೆರೆಸಿದರೆ, ಎರಡೂ ಒಳ್ಳೆಯವೇ ಆಗಿದ್ದರೂ, ಬೆರೆತ ಮೇಲೆ ನೀರಾಗಿ ಹರಿದುಹೋಗುವ ಸಂಭವವಿದೆ. ಕೊನೆಗೆ ಗಾಲಿಯನ್ನು ಆಕ್ಸಲ್ಲಿಗೆ ಏರಿಸಿ, ಅದನ್ನು ಕೈಯಲ್ಲಿ ತಿರುಗಿಸುತ್ತಲೇ ನಟ್ಟನ್ನು ತುಸು ಬಿಗಿತ ತಿಳಿಯುವವರೆಗೆ ಹೊರಳಿಸಿ, ಕೈಪಿಡಿ ಹೇಳಿದಂತೆ ಸರಿಯಾದ ಕಚ್ಚಿಗೆ ತಂದು, ಸ್ಪ್ಲಿಟ್ ಪಿನ್ ಹಾಕಿ ಬಾಗಿಸಿದರೆ ಕೆಲಸ ಮುಗಿಯಿತು.

ಮುಗಿದ ಮೇಲೆ ಅದರ ಗುಣವನ್ನು ಹೊರಗಿನಿಂದ ಅಳೆಯುವ ಉಪಾಯ ಇಲ್ಲವೆಂದೇ ಹೇಳಬೇಕು. ಶ್ರದ್ಧೆಯಿಂದ ಕೂರಿಸಿದ ಸೀಲಿನ ಗಾಲಿಯೂ ಗೀರು ಬಿದ್ದ ಸೀಲಿನ ಗಾಲಿಯೂ ಕೈಯಲ್ಲಿ ತಿರುಗಿಸಿದಾಗ ಒಂದೇ ರೀತಿ ತಿರುಗುತ್ತವೆ. ಎರಡೂ ವಿಮಾನಗಳು ಅಂದು ಸಂಜೆ ಹಾರಿ ಸುಖವಾಗಿ ಇಳಿಯುತ್ತವೆ. ವ್ಯತ್ಯಾಸ ಗೊತ್ತಾಗುವುದು ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಒಂದು ಮಳೆಗಾಲದ ನೀರು ಒಳಹೊಕ್ಕು ಉರುಳೆ ತುಕ್ಕು ಹಿಡಿದಾಗ, ಅಥವಾ ಹೊರಗೆ ಸಿಡಿದ ಗ್ರೀಸ್ ಪಕ್ಕದ ಬ್ರೇಕಿನ ತಟ್ಟೆಗೆ ಅಂಟಿ, ಒಂದು ಬದಿಯ ಬ್ರೇಕು ಹಿಡಿದು ಇನ್ನೊಂದು ಬದಿಯದು ಜಾರಿ, ಇಳಿದ ವಿಮಾನ ಪಟ್ಟೆಯಿಂದ ಪಕ್ಕಕ್ಕೆ ಎಳೆದುಕೊಂಡಾಗ. ಆ ಹೊತ್ತಿಗೆ ಸೀಲು ಕೂರಿಸಿದವರು ಬೇರೆ ಊರಿನಲ್ಲಿರಬಹುದು. ಪೆಟ್ಟು ತಿನ್ನುವವನು ಮೊದಲ ಸಲ ಒಬ್ಬನೇ ಹಾರಿದ ಹುಡುಗನಾಗಿರಬಹುದು. ತಪ್ಪಿಗೂ ಫಲಕ್ಕೂ ನಡುವೆ ಇಷ್ಟು ಕಾಲ, ಇಷ್ಟು ದೂರ ಬಂದುಬಿಟ್ಟಾಗ ಶಿಕ್ಷೆಯ ಭಯವೂ ಹೊಗಳಿಕೆಯ ಆಸೆಯೂ ಕೆಲಸವನ್ನು ಕಾಯಲಾರವು. ಹಾಗಾದರೆ ಕಾಯುವುದು ಯಾವುದು?

ಈ ಪ್ರಶ್ನೆ ಯಂತ್ರಯುಗದ್ದೇ ಎಂದುಕೊಳ್ಳುವವರು ಹುಮನಾಬಾದ್ ತಾಲ್ಲೂಕಿನದೇ ಆದ ಜಲಸಂಗಿಗೆ ಹೋಗಿ ನೋಡಬಹುದು. ಅಲ್ಲಿನ ಕಲ್ಯಾಣ ಚಾಲುಕ್ಯರ ಕಾಲದ ಗುಡಿಯ ಹೊರಗೋಡೆಯಲ್ಲಿ, ಆರನೆಯ ವಿಕ್ರಮಾದಿತ್ಯನ ಕೀರ್ತಿಯನ್ನು ಕಲ್ಲಿನ ಮೇಲೆ ಬರೆಯುತ್ತಿರುವ ಶಿಲಾಬಾಲಿಕೆಯ ವಿಗ್ರಹವಿದ್ದು, ಬಂದವರೆಲ್ಲ ಅದರ ಮುಂದೆಯೇ ನಿಲ್ಲುತ್ತಾರೆ. ಆ ಬಾಲಿಕೆ ಶತಮಾನಗಳಿಂದ ನಿಂತಿರುವುದು, ಗಾರೆಯಿಲ್ಲದೆ ಒಂದರ ಮೇಲೊಂದು ಕೂಡಿಸಿದ ಕಲ್ಲುಗಳ ಒಳಮೈಯನ್ನು ಯಾರೋ ಸಮತಟ್ಟಾಗಿ ತಿದ್ದಿದ್ದರಿಂದ. ಆ ಒಳಮೈಯನ್ನು ಗುಡಿ ಬಿದ್ದ ಹೊರತು ಯಾರೂ ನೋಡಲಾರರು.

ಕಾಣದ ಕೆಲಸವನ್ನು ಕಾಯುವವರು ಯಾರು ಎಂಬುದಕ್ಕೆ ಭಾರತೀಯ ಚಿಂತನೆಯಿಂದ ಥಟ್ಟನೆ ಸಿಗುವ ಉತ್ತರ ಸಾಕ್ಷಿ ಎಂಬುದು. ಹುಮನಾಬಾದಿಗೆ ಹೊಂದಿಕೊಂಡ ಮಾಣಿಕನಗರದಲ್ಲಿ, ಮಾಣಿಕಪ್ರಭುಗಳ (1817–1865) ಸಕಲಮತ ಸಂಪ್ರದಾಯದಲ್ಲಿ ಇಂದಿಗೂ ಜೀವಂತವಾಗಿರುವ ಅದ್ವೈತದ ದೃಷ್ಟಿಯಲ್ಲಿ, ದೇಹ ಮನಸ್ಸುಗಳ ಎಲ್ಲ ವ್ಯಾಪಾರವನ್ನೂ ಬೆಳಗುತ್ತಿರುವ, ತಾನು ಯಾವುದರಲ್ಲೂ ತೊಡಗದ ಚೈತನ್ಯಕ್ಕೆ ಸಾಕ್ಷಿ ಎನ್ನುತ್ತಾರೆ. ಆ ಅರ್ಥದಲ್ಲಿ ಮುಚ್ಚಿದ ಗಾಲಿಯೊಳಗೂ ಕತ್ತಲೆಯಿಲ್ಲ, ಯಾವ ಕೆಲಸವೂ ಕಾಣದೆ ಉಳಿಯುವುದಿಲ್ಲ. ಆದರೆ ಈ ಉತ್ತರವನ್ನು ನೆಚ್ಚಿಕೊಳ್ಳುವವರು ಅದರ ಅರ್ಧವನ್ನಷ್ಟೇ ತೆಗೆದುಕೊಳ್ಳುತ್ತಾರೆಂದು ತೋರುತ್ತದೆ. ವಿದ್ಯಾರಣ್ಯರ ಪಂಚದಶಿ ಎಂಬ ಅದ್ವೈತ ಗ್ರಂಥದ ಒಂದು ಪ್ರಕರಣದಲ್ಲಿ ಸಾಕ್ಷಿಯನ್ನು ನಾಟ್ಯಶಾಲೆಯ ದೀಪಕ್ಕೆ ಹೋಲಿಸಿದೆ: ಅದು ಯಜಮಾನನನ್ನೂ ಸಭಿಕರನ್ನೂ ನರ್ತಕಿಯನ್ನೂ ಸಮನಾಗಿ ಬೆಳಗುತ್ತದೆ, ಅವರೆಲ್ಲ ಎದ್ದುಹೋದ ಮೇಲೂ ಬೆಳಗುತ್ತಲೇ ಇರುತ್ತದೆ. ಇಂಥ ದೀಪ ತಾಳ ತಪ್ಪಿದ ಹೆಜ್ಜೆಯನ್ನು ತಡೆಯುವುದಿಲ್ಲ. ಸರಿಯಾದ ಹೆಜ್ಜೆಯನ್ನೂ ತಪ್ಪು ಹೆಜ್ಜೆಯನ್ನೂ ಒಂದೇ ನಿರ್ಲಿಪ್ತತೆಯಿಂದ ತೋರಿಸುತ್ತದೆ. ಅಂದಮೇಲೆ ಸಾಕ್ಷಿಚೈತನ್ಯವನ್ನು ಕಾರ್ಯಾಗಾರದ ತನಿಖಾಧಿಕಾರಿಯ ಸ್ಥಾನದಲ್ಲಿ ಕೂರಿಸುವುದು ಅದ್ವೈತಕ್ಕೂ ನ್ಯಾಯವಲ್ಲ, ಗಾಲಿಗೂ ಕ್ಷೇಮವಲ್ಲ. ಬಳಕೆಯ ಮಾತಿನ ಮನಸ್ಸಾಕ್ಷಿ ಬೇರೆಯದು, ಅದು ತೀರ್ಪು ಕೊಡುತ್ತದೆ. ಆದರೆ ಅದು ದಣಿಯುತ್ತದೆ, ಹೊತ್ತಾಯಿತೆಂದು ಅವಸರಪಡುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ, ತನಗೆ ಗೊತ್ತಿಲ್ಲದ ತಪ್ಪನ್ನು ಅದು ಚುಚ್ಚಲಾರದು. ಸೀಲಿನ ತುಟಿ ಯಾವ ದಿಕ್ಕಿಗೆ ಇರಬೇಕೆಂದು ತಪ್ಪು ತಿಳಿದವನ ಮನಸ್ಸಾಕ್ಷಿ ನಿರ್ಮಲವಾಗಿಯೇ ಇರುತ್ತದೆ.

ಗೀತೆಯ ನಿಷ್ಕಾಮ ಕರ್ಮವೂ ಇಲ್ಲಿ ಪೂರ್ತಿ ನೆರವಿಗೆ ಬರುವುದಿಲ್ಲ. ಫಲದ ಮೇಲಿನ ಆಸೆಯನ್ನು ಬಿಡುವುದೆಂದರೆ ಹೊಗಳಿಕೆ, ಬಡ್ತಿಗಳ ಆಸೆಯನ್ನು ಬಿಡುವುದೆಂದಾದರೆ ಸರಿ; ವಿಮಾನ ನೆಟ್ಟಗೆ ಇಳಿಯುತ್ತದೆಯೋ ಇಲ್ಲವೋ ಎಂಬ ಚಿಂತೆಯನ್ನೇ ಬಿಡುವುದೆಂದಾದರೆ ಅದು ಯೋಗವಲ್ಲ, ಅಲಕ್ಷ್ಯ.

ಶರಣರ ಕಡೆಗೆ ತಿರುಗಿದರೆ ಎದುರಾಗುವ ಮೊದಲ ಕಥೆ ನುಲಿಯ ಚಂದಯ್ಯನದು. ಹುಲ್ಲು ಕೊಯ್ದು ತಂದು ಹಗ್ಗ ಹೊಸೆದು ಮಾರುವುದು ಅವನ ಕಾಯಕ. ಶರಣರ ಸಂವಾದಗಳ ಸಂಕಲನವಾದ ಶೂನ್ಯಸಂಪಾದನೆಯ ಪರಂಪರೆ ಹೇಳುವಂತೆ, ಹುಲ್ಲು ಕೊಯ್ಯುವಾಗ ಮೈಮೇಲಿನ ಇಷ್ಟಲಿಂಗ ಕಳಚಿ ಬಿದ್ದರೂ ಚಂದಯ್ಯ ಅದನ್ನು ಎತ್ತಿಕೊಳ್ಳದೆ ಕೆಲಸಕ್ಕೆ ನಡೆದನು. ಲಿಂಗವೇ ಅವನ ಬೆನ್ನು ಹತ್ತಿ ಬಂದು, ಮಡಿವಾಳ ಮಾಚಯ್ಯನ ಮಧ್ಯಸ್ಥಿಕೆಯ ಮೇಲೆ, ಹಗ್ಗ ಮಾರುವ ಕೆಲಸಕ್ಕೆ ನಿಂತಿತು. ವೇದಿಕೆಗಳ ಮೇಲೆ ಈ ಕಥೆಯನ್ನು ಕಾಯಕ ದೇವರಿಗಿಂತ ದೊಡ್ಡದೆಂದು ಸಾರಲು ಬಳಸುತ್ತಾರೆ, ಮತ್ತು ಕಥೆ ಅಲ್ಲಿಗೇ ನಿಲ್ಲುತ್ತದೆ. ಆದರೆ ಮಾಚಯ್ಯ ಅಲ್ಲಿ ಬರುವುದು ಚಂದಯ್ಯನನ್ನು ಹೊಗಳಲಿಕ್ಕಲ್ಲ, ಪ್ರಶ್ನಿಸಲಿಕ್ಕೆ: ಲಿಂಗವನ್ನು ಬಿಟ್ಟ ಕಾಯಕ ಪೂರ್ಣವೇ ಎಂಬುದು ಆತನ ತಕರಾರು. ತನ್ನ ಕೆಲಸದಲ್ಲಿ ಅಷ್ಟೊಂದು ಮುಳುಗಿದವನಿಗೂ ಕಾಣದೆ ಹೋದ ಒಂದು ಅಂಶವನ್ನು ಇನ್ನೊಬ್ಬ ದುಡಿಮೆಗಾರ ತೋರಿಸಿಕೊಡಬೇಕಾಯಿತು. ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಲಿಂಗ ಮಾರಿ ತಂದ ಹಗ್ಗಕ್ಕೆ ಬಸವಣ್ಣ ಬೆಲೆಗಿಂತ ಬಹಳ ಹೆಚ್ಚು ಹೊನ್ನು ಕೊಟ್ಟಾಗ, ಅದು ತನ್ನ ಕಾಯಕಕ್ಕೆ ಸಲ್ಲುವ ಹಣವಲ್ಲವೆಂದು ಚಂದಯ್ಯ ಒಪ್ಪುವುದಿಲ್ಲ. ಇಲ್ಲಿ ತಿದ್ದಿಸಿಕೊಂಡವನೇ ತಿದ್ದುವವನಾಗುತ್ತಾನೆ.

ಅಕ್ಕಿ ಆಯುವ ಕಾಯಕದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಪ್ರಸಂಗದಲ್ಲಿ ಒಬ್ಬರನ್ನೊಬ್ಬರು ತಿದ್ದುವ ಈ ಕ್ರಮ ಇನ್ನೂ ನಿಚ್ಚಳವಾಗಿದೆ. ಕಾಯಕದಲ್ಲಿ ತೊಡಗಿರುವಾಗ ಗುರುದರ್ಶನ, ಲಿಂಗಪೂಜೆಗಳನ್ನೂ ಮರೆಯಬೇಕೆಂಬ ತಾತ್ಪರ್ಯದ ವಚನ ಮಾರಯ್ಯನದೇ. ಕಾಯಕದ ಮಹಿಮೆಯನ್ನು ಅವನಷ್ಟು ಎತ್ತರಕ್ಕೆ ಏರಿಸಿದವರು ವಿರಳ. ಆದರೂ ಅವನೇ ಒಮ್ಮೆ ಮಾತುಕತೆಯಲ್ಲಿ ಮೈಮರೆತು ಕೂತಾಗ ಕೆಲಸ ಉಳಿದಿದೆಯೆಂದು ಎಚ್ಚರಿಸಿದವಳು ಹೆಂಡತಿ ಲಕ್ಕಮ್ಮ. ಅವನು ಅವಸರವಸರವಾಗಿ ಹೋಗಿ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಆ ಹೆಚ್ಚಳ ನಮಗೆ ಸಲ್ಲದು, ಅಲ್ಲೇ ಸುರಿದು ಬನ್ನಿ ಎಂದವಳೂ ಅವಳೇ. ಮಾರಯ್ಯನ ಮನಸ್ಸಾಕ್ಷಿ ಆ ಹೊತ್ತಿನಲ್ಲಿ ಅವನನ್ನು ಚುಚ್ಚಿರಲಿಲ್ಲ. ಕೆಟ್ಟವನಾದ್ದರಿಂದಲ್ಲ, ಕೈ ತುಂಬಿದ್ದು ಅವನಿಗೆ ತಿಳಿಯಲೇ ಇಲ್ಲ, ಅಷ್ಟೇ.

ಈ ಎರಡು ಕಥೆಗಳನ್ನು ಒಟ್ಟಿಗೆ ಇಟ್ಟು ಓದಿದಾಗ, ಕಾಯಕದ ಶುದ್ಧಿ ಮಾಡುವವನ ಎದೆಯೊಳಗೆ ಮುಚ್ಚಿಟ್ಟ ಗುಣವೆಂಬ ಈಗಿನ ಸಾಮಾನ್ಯ ತಿಳಿವಳಿಕೆ ನಿಲ್ಲುವುದಿಲ್ಲ. ಕಲ್ಯಾಣದಲ್ಲಿ ಶ್ರದ್ಧೆಯೂ ಪರೀಕ್ಷೆಯೂ ಒಂದರ ಎದುರು ಒಂದು ನಿಂತಿರಲಿಲ್ಲ. ಅನುಭವ ಮಂಟಪವೆಂದು ಪರಂಪರೆ ಕರೆಯುವ ಕೂಟವನ್ನು ತತ್ತ್ವಚರ್ಚೆಯ ಸಭೆಯೆಂದಷ್ಟೇ ಬಣ್ಣಿಸುವುದುಂಟು. ಅದು ಅಗಸ, ಅಂಬಿಗ, ಮೇದಾರ, ಹಗ್ಗ ಹೊಸೆಯುವವರು ತಮ್ಮ ದುಡಿಮೆಯನ್ನು ಒಬ್ಬರು ಇನ್ನೊಬ್ಬರ ಕಣ್ಣ ಮುಂದೆ ಬಿಚ್ಚಿಡುತ್ತಿದ್ದ ಜಾಗವೂ ಆಗಿತ್ತೆಂದು ಈ ಪ್ರಸಂಗಗಳು ಹೇಳುತ್ತವೆ. ಒಳಗಿನ ನಿಷ್ಠೆ ಇಲ್ಲದೆ ಕಾಯಕವಿಲ್ಲ, ನಿಜ. ಆದರೆ ಆ ನಿಷ್ಠೆಯ ಮೊದಲ ಲಕ್ಷಣ, ತನ್ನ ಕೈಯ ಕೆಲಸವನ್ನು ಮುಚ್ಚುವ ಮುನ್ನ ಇನ್ನೊಬ್ಬರಿಗೆ ತೋರಿಸಲು ಒಪ್ಪುವುದು.

ವಿಮಾನ ದುರಸ್ತಿಯ ಲೋಕ ಇದೇ ಜಾಗಕ್ಕೆ ಬೇರೆ ದಾರಿಯಿಂದ, ಹೆಚ್ಚಾಗಿ ಅಪಘಾತಗಳ ದಾರಿಯಿಂದ, ಬಂದು ಮುಟ್ಟಿದೆ. ಅಲ್ಲಿ ಯಾರ ಒಳ್ಳೆಯತನವನ್ನೂ ನಂಬಿ ಬಿಡುವುದಿಲ್ಲ: ತಯಾರಕರ ಕೈಪಿಡಿ ಎದುರಿಗೆ ತೆರೆದಿರಬೇಕು, ಬೋಲ್ಟುಗಳನ್ನು ಎಷ್ಟು ಬಲದಿಂದ ಬಿಗಿಯಬೇಕೆಂಬುದನ್ನು ಅಳೆಯುವ ಟಾರ್ಕ್ ರೆಂಚ್ ಬಳಸಬೇಕು, ಮಾಡಿದ ಕೆಲಸವನ್ನು ಲಾಗ್ ಬುಕ್ಕಿನಲ್ಲಿ ಬರೆದು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರವಾನಗಿ ಪಡೆದ ಎಂಜಿನಿಯರ್ ವಿಮಾನ ಹಾರಲು ಯೋಗ್ಯವೆಂದು ಸಹಿ ಮಾಡಬೇಕು. ರೆಕ್ಕೆಯ ಮತ್ತು ಬಾಲದ ಚಲಿಸುವ ಭಾಗಗಳನ್ನು ಪೈಲಟ್ಟಿನ ಕೈಗೆ ಜೋಡಿಸುವ ನಿಯಂತ್ರಣ ವ್ಯವಸ್ಥೆಯನ್ನು ಮುಟ್ಟಿದಾಗಲಂತೂ ಇಬ್ಬರು ಪ್ರತ್ಯೇಕವಾಗಿ ನೋಡಿ ಸಹಿ ಹಾಕಬೇಕೆಂಬ ನಿಯಮವಿದೆ. ಇಷ್ಟೆಲ್ಲ ನಿಯಮಗಳ ನಡುವೆ ಕಾಯಕದ ಭಾವ ಎಲ್ಲಿ ಉಳಿಯಿತು, ನಂಬಿಕೆಯಿಲ್ಲದ ಕಡೆ ಭಕ್ತಿ ಹೇಗೆ ಎಂದು ಕೇಳುವವರಿದ್ದಾರೆ. ಅವರಿಗೆ ಲಕ್ಕಮ್ಮನ ಮಾತು ಗಂಡನ ಮೇಲಿನ ಅಪನಂಬಿಕೆಯಂತೆ ಕೇಳಿಸಬೇಕು. ಆದರೆ ಎಂಟು ಶತಮಾನಗಳಿಂದ ಯಾರಿಗೂ ಹಾಗೆ ಕೇಳಿಸಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ನೋಡುವವನನ್ನು ನೋಡುವವರು ಯಾರು, ಅವನನ್ನು ನೋಡುವವರು ಯಾರು ಎಂದು ಹೋದರೆ ತರ್ಕಶಾಸ್ತ್ರ ಅನವಸ್ಥೆ ಎನ್ನುವ, ಅಂದರೆ ಎಲ್ಲೂ ನಿಲ್ಲದ ಸರಪಳಿಯ ದೋಷ ಬರುತ್ತದೆ. ಎಲ್ಲೋ ಒಂದು ಕಡೆ ಒಬ್ಬರು ಇನ್ನೊಬ್ಬರನ್ನು ಸುಮ್ಮನೆ ನಂಬಲೇಬೇಕಲ್ಲವೇ? ನಂಬಲೇಬೇಕು, ಗ್ರೀಸು ಉರುಳೆಗಳ ಸಂದಿಯಲ್ಲಿ ಪೂರ್ತಿ ತುಂಬಿದೆಯೇ ಎಂಬುದನ್ನು ಅಂಗೈಯೊಂದೇ ಬಲ್ಲದು, ಎರಡನೆಯ ಕಣ್ಣಿಗೆ ಅದು ಪೂರ್ತಿ ಕಾಣದು. ಆದರೆ ಪರೀಕ್ಷೆಗೆ ಒಡ್ಡಿಕೊಂಡ ಮೇಲೆ ಉಳಿಯುವ ನಂಬಿಕೆಯೂ ಪರೀಕ್ಷೆಯನ್ನು ತಪ್ಪಿಸಿಕೊಳ್ಳಲು ಬಳಸುವ ನಂಬಿಕೆಯೂ ಒಂದಲ್ಲ. ಮೊದಲನೆಯದಕ್ಕೆ ಒಂದು ಗುರುತಿದೆ: ಅದನ್ನು ಪಡೆದವರು ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಲು ಹಿಂಜರಿಯುವುದಿಲ್ಲ. ಸರ್ಕ್ಲಿಪ್ ತನ್ನ ತೋಡಿನಲ್ಲಿ ಕೂತಿದೆಯೋ ಇಲ್ಲವೋ ಎಂಬ ಸಂದೇಹ ಬಂದಾಗ, ಗಾಲಿ ಆಗಲೇ ಆಕ್ಸಲ್ಲಿಗೆ ಏರಿದ್ದರೂ, ವಿಮಾನಕ್ಕಾಗಿ ಕಾಯುತ್ತ ವಿದ್ಯಾರ್ಥಿಗಳು ಸಾಲುಗಟ್ಟಿ ನಿಂತಿದ್ದರೂ, ಮತ್ತೆ ಬಿಚ್ಚೋಣ ಎನ್ನುವ ಬಾಯಿ ಅದು.

ಅಂಥ ಬಾಯಿಯ ಮಾತಿಗೆ ಕೇಳುವ ಕಿವಿ ಇದೆಯೇ ಎಂಬುದು ಮಾತ್ರ ಒಬ್ಬ ವ್ಯಕ್ತಿಯ ಸದ್ಗುಣಕ್ಕೆ ಬಿಟ್ಟ ವಿಷಯವಲ್ಲ. ಇಲ್ಲಿ ಈಗಿನ ಕಾರ್ಯಾಗಾರ ಕಲ್ಯಾಣದ ಮುಂದೆ ತುಸು ಸಂಕೋಚಪಡಬೇಕಾಗುತ್ತದೆ. ಹ್ಯಾಂಗರಿನಲ್ಲಿ, ಅಂದರೆ ವಿಮಾನ ನಿಲ್ಲಿಸಿ ದುರಸ್ತಿ ಮಾಡುವ ಕೊಟ್ಟಿಗೆಯಲ್ಲಿ, ಬೇರಿಂಗ್ ತೊಳೆದು ಗ್ರೀಸ್ ತುಂಬುವ ಕೈ ಬಹುಮಟ್ಟಿಗೆ ಪರವಾನಗಿ ಇಲ್ಲದ ಸಹಾಯಕರದು, ಸಹಿಯ ಹೊಣೆ ಎಂಜಿನಿಯರರದು. ಹೊಣೆ ಮೇಲಿರುವುದು ನ್ಯಾಯವೇ. ಕೆಲಸದ ಹಾಳೆಯಲ್ಲಿ ಮಾಡಿದವರಿಗೊಂದು, ನೋಡಿದವರಿಗೊಂದು ಖಾನೆ ಇಡುವ ಪದ್ಧತಿಯೂ ಹಲವೆಡೆ ಇದೆ. ಆದರೆ ಅಲ್ಲಿ ಪರೀಕ್ಷೆ ಸದಾ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಕಲ್ಯಾಣದಲ್ಲಿ ಹಾಗಿರಲಿಲ್ಲ: ಬಟ್ಟೆ ಒಗೆಯುವ ಮಾಚಯ್ಯ ತಕರಾರು ತೆಗೆದನು, ಮನೆಯೊಳಗಿನ ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳಿಸಿದಳು, ಹಗ್ಗದ ಚಂದಯ್ಯ ರಾಜ್ಯದ ಭಂಡಾರಿಯಾಗಿದ್ದ ಬಸವಣ್ಣನ ಹೊನ್ನನ್ನು ತಿರಸ್ಕರಿಸಿದನು, ಅವರೆಲ್ಲರ ವಚನಗಳು ಅವರವರ ಅಂಕಿತದಲ್ಲಿಯೇ ಉಳಿದು ಬಂದಿವೆ. ಬೀದರಿನಲ್ಲಾಗಲಿ ಕಲಬುರಗಿಯಲ್ಲಾಗಲಿ ಬೆಂಗಳೂರಿನ ಜಕ್ಕೂರಿನ ತರಬೇತಿ ಶಾಲೆಯಲ್ಲಾಗಲಿ, ಸಹಿ ಬಿದ್ದ ಮೇಲೂ ಆ ಗಾಲಿಯನ್ನು ಮತ್ತೆ ಬಿಚ್ಚಬೇಕು ಎಂದು ಒಬ್ಬ ಸಹಾಯಕ ಹೇಳಿದಾಗ ಅದನ್ನು ಕೇಳಿಸಿಕೊಳ್ಳಲೇಬೇಕಾದವರು ಯಾರು, ಹೇಳಿದ್ದಕ್ಕೆ ಅವನ ಕೂಲಿಗೂ ಕೆಲಸಕ್ಕೂ ಧಕ್ಕೆಯಾಗದಂತೆ ನೋಡಿಕೊಳ್ಳುವವರು ಯಾರು ಎಂಬುದನ್ನು, ಗಾಳಿ ಬಿಡುವ ಕ್ರಮವನ್ನೂ ನಟ್ಟು ಬಿಗಿಯುವ ಕ್ರಮವನ್ನೂ ಅಷ್ಟು ವಿವರವಾಗಿ ಬರೆದಿರುವ ಗಾಲಿಯ ಕೈಪಿಡಿ ಬರೆದಿಲ್ಲ.